ಸಾಕಮ್ಮ

ಬೆಳಗಿನ ಆರೂವರೆಗೇ ವಾರ್ಡಿನ ಇಳಿಕೆ ಕೇಂದ್ರದಲ್ಲಿ ಹೆಂಗಸರ ಸಾಲು ಬಾಗಿಲು ದಾಟಿತ್ತು. ಗಂಡಸರು ಪಕ್ಕದ ಬೆಂಚಿನಲ್ಲಿ ತೂಕಡಿಸುತ್ತಿದ್ದರು. ಒಬ್ಬರ ಅಮಲನ್ನು ಇನ್ನೊಬ್ಬರ ಮೈಗೆ ಇಳಿಸಲು ಇಪ್ಪತ್ತು ನಿಮಿಷ ಸಾಕು. ಆಮೇಲೆ ಕುಡಿದವನು ಮುಖ ತೊಳೆದು ಕೆಲಸಕ್ಕೆ ಹೋಗುತ್ತಾನೆ, ಕುಡಿಯದವಳು ಗೋಡೆ ಹಿಡಿದುಕೊಂಡು ಮನೆಗೆ ಹೋಗುತ್ತಾಳೆ.

ಸಾಕಮ್ಮ ಹನ್ನೊಂದು ವರ್ಷದಿಂದ ಬರುತ್ತಿದ್ದಳು. ಒಂದು ತೊಟ್ಟನ್ನೂ ಬಾಯಿಗೆ ಹಾಕಿದವಳಲ್ಲ. ಕಣ್ಣು ಮಾತ್ರ ಅರಿಶಿನ ಬಳಿದ ಹಾಗೆ ಹಳದಿಯಾಗಿತ್ತು.

"ಬಿರ್ನೆ ಮಾಡ್ಸಮ್ಮಿ, ಏಳೂವರೆಗೆ ಬಸ್ ತೆಗೀಬೇಕು," ಎಂದ ಗಂಡ ಕುಳ್ಳೇಗೌಡ, ಕಣ್ಣು ಬಿಡದೆ.

ಹೊಸದಾಗಿ ಬಂದಿದ್ದ ನರ್ಸ್ ಸಾಕಮ್ಮನ ರಕ್ತದ ರಿಪೋರ್ಟನ್ನು ಎರಡು ಸಲ ಓದಿದಳು. ಆಮೇಲೆ ಅವಳ ಮುಖ ನೋಡಿ, "ಸಾಕಮ್ಮ," ಎಂದಳು.

ಹೆಸರು ಕರೆದರೆಂದು ಸಾಕಮ್ಮ ಮುಂದೆ ಬಂದು, ಬಳೆ ಮೇಲಕ್ಕೆ ಸರಿಸಿ ಕೈ ಚಾಚಿದಳು.

"ಕರೆದಿದ್ದಲ್ಲಮ್ಮ. ನಿಮ್ಮ ಲಿವರ್ ಪೂರ್ತಿ ಹೋಗಿದೆ. ಇನ್ನು ಸಾಕು ಅಂದೆ."

"ಮತ್ತೆ ಅವ್ರ ಡ್ಯೂಟಿ?"

"ಅವರು ಕುಡಿದದ್ದನ್ನ ಅವರೇ ಇಳಿಸ್ಕೊಳ್ಳಲಿ."

ನಾಲ್ಕನೆಯದೂ ಹೆಣ್ಣಾದಾಗ ಅಪ್ಪ ಬೇಸರದಿಂದ ಇಟ್ಟ ಹೆಸರು ಅದು. ನಲವತ್ತೆರಡು ವರ್ಷ ಅದನ್ನು ಕೇಳಿದಾಗಲೆಲ್ಲ ಅವಳು ಎದ್ದು ಹೋಗಿದ್ದಳು, ನೀರಿಗೆ, ಒಲೆಗೆ, ಈ ಕೇಂದ್ರದ ಕುರ್ಚಿಗೆ. ತನ್ನ ಮೇಲಿನ ಕರುಣೆಯಿಂದಲೂ ಯಾರಾದರೂ ಆ ಮಾತು ಆಡಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

ನರ್ಸ್ ಮುಂದಿನವಳನ್ನು ಕರೆದಳು. ಸಾಕಮ್ಮ ಕೈ ಚಾಚಿಕೊಂಡೇ ನಿಂತಿದ್ದಳು. ಅದನ್ನು ಹಿಂದಕ್ಕೆ ತೆಗೆದುಕೊಂಡು ಅವಳಿಗೆ ಅಭ್ಯಾಸವಿರಲಿಲ್ಲ.