ಡಬ್ಬಿಯೊಳಗಿನ ಮೊದಲ ಹಣ್ಣು

ಕುಡುಗೋಲಿನ ತುದಿಯನ್ನು ಡಬ್ಬಿಯ ಅಂಚಿಗಿಟ್ಟು ದ್ರಾಕ್ಷಾಯಣಿ ಗುಂಡುಕಲ್ಲಿನಿಂದ ಒಂದು ಪೆಟ್ಟು ಹಾಕಿದಳು. ತಗಡು ಕುಂಯ್ ಎಂದಿತು. ಸೀಳಿನಿಂದ ಚಿಮ್ಮಿದ ಅನಾನಸ್ ರಸದ ಒಂದು ಹನಿ ಅತ್ತೆ ನೀಲಕ್ಕನ ಮೂಗುತಿಯ ಪಕ್ಕ ಬಿತ್ತು. ಅದು ತುಟಿಗೆ ಇಳಿಯುವ ಮೊದಲೇ ಆಕೆ ಸೆರಗಿನಿಂದ ಒರೆಸಿಕೊಂಡಳು. ಎತ್ತು ಉಣ್ಣುವ ಮೊದಲು ಆ ಹಣ್ಣಿನ ರುಚಿ ಮನೆಯವರ ನಾಲಿಗೆಗೆ ತಾಗಬಾರದು.

“ಸಾವಕಾಶ ನಮ್ಮವ್ವಾ. ಹಬ್ಬದ ದಿನ ಬಟ್ಟು ಕೊಯ್ಕೊಂಡಿ ಅಂದ್ರ ನಿಮ್ಮವ್ವ ದಾಂಡೇಲಿಯಿಂದ ಇಲ್ಲೀತನಕಾ ಬೈಕೋತ ಬರ್ತಾಳ.”

“ಬರ್ಲಿ ಬಿಡ್ರಿ ಅತ್ತೀ. ಶಿರಾ ತಿಂದು ಹೋಗ್ತಾಳ.”

ಮುಂಡಗೋಡದ ಹತ್ತಿರದ ಇಂದೂರಿನ ಆ ಮನೆಯಲ್ಲಿ ಹೊಲದ ಮೊದಲ ಅನಾನಸ್ ಕಾರಹುಣ್ಣಿಮೆಯ ದಿನ ಎತ್ತಿನ ಪಾಲು. ಅದರ ರವೆ ಶಿರಾ ಮಾಡಿ, ದೇವರ ಜಗುಲಿಯ ಬಸವಣ್ಣನಿಗೆ ತೋರಿಸಿ, ಕೊಟ್ಟಿಗೆಯ ಎತ್ತು ಕೆಂದನಿಗೆ ತಿನ್ನಿಸಿ, ಆಮೇಲೆ ಮನೆಯವರ ಎಲೆ. ನೀಲಕ್ಕ ಸೊಸೆಯಾಗಿ ಬಂದು ಮೂವತ್ತೆಂಟು ವರ್ಷ. ಅಷ್ಟರಲ್ಲಿ ಎತ್ತುಗಳು ಎಷ್ಟೋ ಬದಲಾದವು, ಪದ್ಧತಿ ತಪ್ಪಿರಲಿಲ್ಲ. ಈ ಸಲ ಆಕೆ ತಂಗಿಯ ಮೊಮ್ಮಗನ ತೊಟ್ಟಿಲ ಶಾಸ್ತ್ರಕ್ಕೆಂದು ಹಳಿಯಾಳಕ್ಕೆ ಹೋದಾಗ, ಹಣ್ಣು ಡಬ್ಬಿಗೆ ತುಂಬುವ ಫ್ಯಾಕ್ಟರಿಯ ಲಾರಿ ಬಂತು. ಮಗ ರುದ್ರೇಶ ಒಂದು ಹಣ್ಣೂ ಉಳಿಯದಂತೆ ಹೇರಿ ಕಳಿಸಿಬಿಟ್ಟ. ಪಕ್ಕದ ಹೊಲದವರು ಬೇಕಾದರೆ ತಮ್ಮದೊಂದು ಹಣ್ಣು ಒಯ್ಯಿರಿ ಎಂದರು. ನೀಲಕ್ಕ ಕೈಮುಗಿದು ಬೇಡವೆಂದಳು. ಕೆಂದ ಉತ್ತ ಹೊಲದ್ದೇ ಆಗಬೇಕು. ಅಂದಿನಿಂದ ಆಕೆ ಚಹಾಕ್ಕೂ ಸಕ್ಕರೆ ಹಾಕಿಕೊಂಡಿಲ್ಲ. ಮಗನನ್ನು ಬೈಯಲೂ ಇಲ್ಲ. ಬೈದಿದ್ದರೇ ಮನೆ ಹಗುರಾಗುತ್ತಿತ್ತು ಎನ್ನಿಸಿ, ಇಂದು ಬೆಳಗಿನ ಮೊದಲ ಬಸ್ಸಿಗೆ ದ್ರಾಕ್ಷಾಯಣಿ ಮುಂಡಗೋಡಕ್ಕೆ ಹೋಗಿ, ನಾಲ್ಕು ಅಂಗಡಿ ತಿರುಗಿ ಈ ಡಬ್ಬಿ ತಂದಿದ್ದಳು.

“ಇದು ನಮ್ಮ ಹೊಲದ್ದ ಅಂತ ಹೆಂಗ ಹೇಳ್ತಿ?”

“ಮ್ಯಾಲೆ ಹೆಸರು ನೋಡ್ರಿ, ನಮ್ಮ ಹಣ್ಣು ಹೋಗೂ ಫ್ಯಾಕ್ಟರಿದ. ಈ ವರ್ಷದ್ದು ಅಲ್ಲಂದ್ರ ಹ್ವಾದ ವರ್ಷದ್ದು. ಹತ್ತು ಹೋಳಿನ್ಯಾಗ ಒಂದರ ನಮ್ಮದಿರಂಗಿಲ್ಲೇನ್ರಿ?”

ಆ ಒಂದೇ ಸಾಕಿತ್ತು ನೀಲಕ್ಕನಿಗೆ. ಎದೆಯಲ್ಲಿ ಏನೋ ಎದ್ದು ಕುಣಿದಂತಾಗಿ, ಮಂಡಿನೋವು ಮರೆತು ಒಲೆಯ ಮುಂದೆ ನಿಂತಳು. ತುಪ್ಪ ಕಾಯಿತು. ರವೆ ಬಿತ್ತು. ಹೊತ್ತು ಇಳಿಯುವ ಮೊದಲು, ಎತ್ತುಗಳು ಊರಬಾಗಿಲಿಗೆ ಕಟ್ಟಿದ ಕರಿಯ ತೋರಣ ಹರಿಯಲು ಅಗಸಿಗೆ ಹೊರಡುವ ಮೊದಲು ಎಲ್ಲ ಆಗಬೇಕು. ಬೆನ್ನ ಹಿಂದೆ ಸೊಸೆ ಮುಚ್ಚಳ ಮಡಚಿ, ಹೋಳುಗಳನ್ನು ಒಂದೊಂದಾಗಿ ತಟ್ಟೆಗೆ ಇಳಿಸುತ್ತಿದ್ದಳು. ಹುಣ್ಣಿಮೆಯ ಚಂದ್ರನಂತೆ ಹೊಳೆಯುವ ಹಳದಿ ಹೋಳುಗಳು. ನೀಲಕ್ಕ ತಿರುಗಿ ನೋಡಿದಳು. ಕೈಯಲ್ಲಿದ್ದ ಸೌಟು ನಿಂತಿತು.

“ನಡುವಿಂದು ಎಲ್ಲೈತಿ?”

“ಅದು ಬಿರುಸು ಇರತೈತಲ್ರಿ. ಮಶಿನ್ನ್ಯಾಗ ತಗದಿರ್ತಾರ.”

“ತಗದದ್ದು ಮಶಿನ್ನು. ತಿಂದಾವರು ಯಾರು?”

ದ್ರಾಕ್ಷಾಯಣಿ ತಟ್ಟೆ ನೋಡಿದಳು. ಹತ್ತು ಹೋಳು, ಹತ್ತಕ್ಕೂ ನಡುವೆ ದುಂಡನೆಯ ತೂತು.

“ಯಾರೋ ನಡುವಿಂದು ತಿಂದು ಸುತ್ತಿಂದು ಬಿಟ್ಟಾರ,” ಎಂದಳು ನೀಲಕ್ಕ. ದನಿ ಇಳಿದಿತ್ತು. “ಎಂಜಲಾತಲ್ಲ ನಮ್ಮವ್ವಾ. ಎಂಜಲಾ ಹೆಂಗ ಹಿಡೀಲಿ ಬಸವಣ್ಣನ ಮುಂದ?” ಆಕೆ ಗೋಡೆಗೆ ಆನಿಕೊಂಡು ಕೂತುಬಿಟ್ಟಳು. ರವೆ ಸೀದೀತೆಂದು ಸೊಸೆ ಒಲೆ ಆರಿಸಿದಳು. ಹೊರಗೆ ಎತ್ತಿನ ಗೆಜ್ಜೆ ಘಲ್ಲೆನ್ನುತ್ತಿತ್ತು.

ಅಷ್ಟರಲ್ಲಿ ನೀಲಕ್ಕನ ಗಂಡ ಕರಿಬಸಪ್ಪ ಒಳಗೆ ಬಂದ. ಹೆಂಡತಿ ಹತ್ತು ಮಾತಾಡಿದರೆ ಒಂದಾಡುವ ಮನುಷ್ಯ. ಕೋಡಿಗೆ ಬಳಿದ ಹುರಮಂಜಿನ ಕೆಂಪು ಮೊಳಕೈಯವರೆಗೂ ಮೆತ್ತಿತ್ತು. “ಕೋಡಬಳಿ ಕೊಡ್ರಿ, ಕೋಡಿಗೆ ಹಾಕೂಣು,” ಎಂದವನು ಹೆಂಡತಿಯ ಮುಖ ನೋಡಿದ, ತಟ್ಟೆ ನೋಡಿದ. ಸೊಸೆ ಮೆಲ್ಲಗೆ ವಿಷಯ ಹೇಳಿದಳು. ಅವನು ಬುಟ್ಟಿಯಿಂದ ಒಂದು ಕೋಡಬಳೆ ಎತ್ತಿ, ಕಣ್ಣಿಗೆ ಹಿಡಿದು, ಅದರ ತೂತಿನೊಳಗಿಂದ ಹೆಂಡತಿಯನ್ನು ನೋಡಿದ.

“ಮುಂಜಾನೆ ನೀನ ಕರದೀಯಲ್ಲ, ಇದರ ನಡುವಿಂದು ಯಾರು ತಿಂದ್ರು?”

ನೀಲಕ್ಕ ಕೋಡಬಳೆ ನೋಡಿದಳು. ಹೋಳು ನೋಡಿದಳು. ಮತ್ತೆ ಕೋಡಬಳೆ ನೋಡಿದಳು. ಎಷ್ಟೋ ದಿನಗಳ ಮೇಲೆ ಆ ಮನೆಯಲ್ಲಿ ಅವಳ ನಗು ಕೇಳಿತು. “ಒಲಿ ಹಚ್ಚು, ಕುಂತು ಏನ್ ನೋಡ್ತಿ,” ಎಂದು, ನಿಂತೇ ಇದ್ದ ಸೊಸೆಗೆ ಗದರಿ ಎದ್ದಳು.

ಹೋಳು ಹೆಚ್ಚಿದ್ದಾಯಿತು, ಡಬ್ಬಿಯ ರಸ ಸುರಿದದ್ದಾಯಿತು. ರವೆ ಬುಸುಗುಟ್ಟುತ್ತ ಉಬ್ಬಿತು. ಪರಿಮಳ ಪಡಸಾಲೆ ದಾಟಿ ಕೊಟ್ಟಿಗೆಗೆ ಹೋಯಿತು. ಕೆಂದ ಒಮ್ಮೆ ಹೂಂಕರಿಸಿದ.

“ರಸ ಮೊದಲ ಸಿಹಿ ಇರತೈತಿ ಅತ್ತೀ. ಸಕ್ಕರಿ ಎಷ್ಟು ಹಾಕ್ಲಿ?”

“ರುಚಿ ನೋಡಾಕ ಬರಂಗಿಲ್ಲ. ಅರ್ಧಾ ಹಾಕು. ಕಡಿಮಿ ಬಿದ್ರ ಕೆಂದ ಏನು ಊರತುಂಬಾ ಹೇಳ್ಕೋತ ತಿರಗಂಗಿಲ್ಲ.”

ಬಸವಣ್ಣನಿಗೆ ತೋರಿಸಿ ಕೊಟ್ಟಿಗೆಗೆ ತಂದ ಶಿರಾವನ್ನು ಕೆಂದ ಬಾಳೆಲೆಯ ಸಮೇತ ಮೂರೇ ತುತ್ತಿಗೆ ಮುಗಿಸಿದ. ನೀಲಕ್ಕ ಸೆರಗಿನ ಮರೆಯಿಂದ ಒಂದು ಬಟ್ಟಲು ತೆಗೆದಳು. ಹತ್ತು ಹೋಳಿನಲ್ಲಿ ಒಂದನ್ನು ಆಕೆ ಹೆಚ್ಚದೆ ಹಾಗೇ ಇಟ್ಟಿದ್ದಳು. ಕೋಡಬಳೆ ಹಾಕಿದ್ದ ಕೋಡು ಬಿಟ್ಟು, ಇನ್ನೊಂದು ಕೋಡಿನ ತುದಿಗೆ ಅದನ್ನು ಮೆಲ್ಲಗೆ ಏರಿಸಿದಳು. ಹೋಳು ಜಾರುತ್ತ ಇಳಿದು, ಹುರಮಂಜು ಬಳಿದ ನಡುಗೋಡಿನಲ್ಲಿ ಗಪ್ಪನೆ ಕೂತಿತು. ರಸ ಹಣೆಗಿಳಿಯಿತು. ಕೆಂದ ನಾಲಿಗೆ ಚಾಚಿ ಮೂಗಿನ ಮೇಲಿನ ಹನಿ ನೆಕ್ಕಿದ.

ನೀಲಕ್ಕ ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದಳು. ಆಮೇಲೆ ಗಂಡನ ಕಡೆ ತಿರುಗಿ ಹೇಳಿದಳು:

“ತೂತು ನೋಡಿದ್ರ ಫ್ಯಾಕ್ಟರಿಯವರ ಮನ್ಯಾಗೂ ಎತ್ತು ಅದಾವ ಕಾಣತೈತಿ.”