ಪಟದ ಹಿಂದಿನ ಡಿಸ್ಕ್

ಕಂಪ್ಯೂಟರ್ ಪರದೆ ಕೆಂಪಾಗಿ, ಅದನ್ನು ನೋಡಿಕೊಳ್ಳುವ ಪ್ರಮೀಳಾಳ ಕಣ್ಣೆದುರೇ ರೋಗಿಗಳ ರಿಪೋರ್ಟುಗಳೆಲ್ಲ ಬೀಗ ಹಾಕಿಕೊಂಡವು. "ಆವು ಕಚ್ಚಿಸ್ಕೊಂಡೋನು ಒಳಗೆ ಒದ್ದಾಡ್ತಾವ್ನೆ, ಬಿರ್ನೆ ರಕ್ತದ ರಿಪೋರ್ಟು ಕೊಡವ್ವಾ," ಎಂದು ಆಯಾ ದೊಡ್ಡತಾಯಮ್ಮ ಬಾಗಿಲಲ್ಲೇ ಗೋಗರೆದಳು.

ಸರಗೂರಿನ ಆ ನರ್ಸಿಂಗ್ ಹೋಮಿನ ಮೇಲೆ ಸೈಬರ್ ದಾಳಿಯಾದರೆ ಏನು ಮಾಡಬೇಕೆಂದು, ವಾಟ್ಸಾಪಿನಲ್ಲಿ ಯಾರೋ ಕಳಿಸಿದ ಲಿಂಕಿನ ಚಾಟ್‌ಬಾಟ್ ಜೊತೆ ಪ್ರಮೀಳಾ ವಾರವೆಲ್ಲ ಅಭ್ಯಾಸ ಮಾಡಿದ್ದಳು. ಅದು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಿದ್ದಳು.

ಅಷ್ಟರಲ್ಲಿ ಫೋನ್ ಬಂತು. "ಸಾಫ್ಟ್‌ವೇರ್ ಕಂಪನಿಯಿಂದ ಮೇಡಂ. ಗಾಬರಿ ಆಗ್ಬೇಡಿ. ಚಿಕ್ಕದೇವಮ್ಮ ದೇವರ ಪಟದ ಹಿಂದೆ ಬ್ಯಾಕಪ್ ಡಿಸ್ಕ್ ಇದೆಯಲ್ಲ, ಅದನ್ನ ಈಗ್ಲೇ ಕಂಪ್ಯೂಟರಿಗೆ ಹಾಕಿ."

ಹೋದ ಜೀವ ಬಂದಂತಾಗಿ ಅವಳು ಪಟದ ಹಿಂದಿನಿಂದ, ರಿಪೋರ್ಟುಗಳ ಉಳಿದ ಒಂದೇ ನಕಲಿದ್ದ ಆ ಡಿಸ್ಕ್ ತೆಗೆದಳು. ಅದರ ಮೇಲೆ ಕುಂಕುಮ ಉದುರಿತ್ತು. ವೈರು ಚುಚ್ಚಲು ಹೋದ ಕೈ ಅಲ್ಲೇ ನಿಂತಿತು. ಆ ಜಾಗವನ್ನು ಅವಳು ಡಾಕ್ಟರಿಗೂ ಹೇಳಿರಲಿಲ್ಲ. ಹೇಳಿದ್ದು ಆ ಚಾಟ್‌ಬಾಟ್‌ಗೆ ಮಾತ್ರ.

"ಹಾಕಿದ್ರಾ ಮೇಡಂ?" ಎಂದಿತು ಫೋನು.