ರಣಹದ್ದುಗಳಿಲ್ಲದ ಬೆಟ್ಟ

ಕನಕಪುರದ ಕಡೆಯ ಒಂದು ಹಳ್ಳಿ. ಪುಟ್ಟಮಾದೇಗೌಡರು ಅಲ್ಲಿ ದೊಡ್ಡ ಡೈರಿ ಫಾರಂ ನಡೆಸುತ್ತಿದ್ದರು.

ಹಸು ಸತ್ತರೆ ಬೆಟ್ಟದ ಕೆಳಗಿನ ಬಂಡೆಯ ಮೇಲೆ ಹಾಕಿಸುತ್ತಿದ್ದರು. ಸ್ವಲ್ಪ ಹೊತ್ತಿಗೆಲ್ಲ ರಣಹದ್ದುಗಳು ಇಳಿಯುತ್ತಿದ್ದವು... ಸಂಜೆಯೊಳಗೆ ಬರೀ ಮೂಳೆ.

"ದರಿದ್ರದ ಹಕ್ಕಿಗಳು... ನೋಡುದ್ರೆ ಊಟ ಸೇರಲ್ಲ" ಅನ್ನುತ್ತಿದ್ದರು ಗೌಡರು.

ಒಂದು ಬೇಸಿಗೆಯಲ್ಲಿ ಆ ಹಕ್ಕಿಗಳು ಕತ್ತು ಇಳಿಬಿಟ್ಟು ಮಂಕಾಗಿ ಕೂತವು... ಒಂದೊಂದಾಗಿ ಸತ್ತುಬಿದ್ದವು.

ಊರಿನ ಪಶುವೈದ್ಯೆ ಶೈಲಜಾ ಗಾಬರಿಯಿಂದ ನೋಡಲು ಬಂದರು. ಗೌಡರು ನಕ್ಕರು. "ಹೋದ್ರೆ ಹೋಗ್ಲಿ ಬುಡಿ ಡಾಕ್ಟ್ರಮ್ಮ, ಪೀಡೆ ಕಳೀತು."

ಆಮೇಲೆ ಬಂಡೆಯ ಮೇಲೆ ಹೆಣಗಳು ಕೊಳೆಯತೊಡಗಿದವು. ನಾಯಿಗಳು ಬಂದವು... ಮರಿ ಹಾಕಿದವು... ವರ್ಷ ಕಳೆದಂತೆ ದೊಡ್ಡ ಹಿಂಡಾದವು.

ಗೌಡರಿಗೆ ಒಬ್ಬಳೇ ಮಗಳು, ಸಿಂಚನ. ಏಳನೇ ಕ್ಲಾಸು. ಸ್ಕೂಲಿಂದ ಸೈಕಲ್ಲಿನಲ್ಲಿ ಬರುವಾಗ ನಾಯಿಯೊಂದು ಕಾಲಿಗೆ ಕಚ್ಚಿತು.

ಅಪ್ಪ ಸೈಕಲ್ ಕಿತ್ತಿಟ್ಟುಕೊಳ್ಳುತ್ತಾರೆಂದು ಹೆದರಿ ಯಾರಿಗೂ ಹೇಳಲಿಲ್ಲ... ಗಾಯವೂ ಮಾಯಿತು.

ಕೆಲವು ವಾರಗಳ ಮೇಲೆ ಜ್ವರ. ಅಮ್ಮ ನೀರು ತಂದರೆ ಲೋಟ ಕಂಡೇ ಮಗು ನಡುಗಿತು.

"ಬ್ಯಾಡ ಕಣಮ್ಮ... ಬಾಯಾರ್ತದೆ, ಕುಡಿಯಕ್ಕೆ ಆಯ್ತಿಲ್ಲ."

ದೊಡ್ಡ ಆಸ್ಪತ್ರೆಯ ಡಾಕ್ಟರು ತಲೆ ತಗ್ಗಿಸಿದರು. "ಹುಚ್ಚುನಾಯಿ ರೋಗ. ಕಾಣಿಸ್ಕೊಂಡ ಮೇಲೆ ನಮ್ಮ ಕೈಲಿ ಏನೂ ಇಲ್ಲ."

ಸಿಂಚನ ಉಳಿಯಲಿಲ್ಲ.

ತಿಥಿ ಮುಗಿದ ಮೇಲೆ ಶೈಲಜಾ ಮನೆಗೆ ಬಂದರು. ಗೌಡರು ಕೇಳಿದರು... "ಮುಂಚೆ ಇಷ್ಟು ನಾಯಿ ಇರ್ಲಿಲ್ವಲ್ಲ ಡಾಕ್ಟ್ರಮ್ಮ?"

"ರಣಹದ್ದಿನ ಊಟ ನಾಯಿಗಳಿಗೆ ಸಿಕ್ತು ಗೌಡ್ರೇ, ನಾಯಿ ಹೆಚ್ಚಿದ ಹಾಗೆ ಹುಚ್ಚುರೋಗಾನೂ ಹೆಚ್ತು. ಎಂಥ ಕೊಳೆತ ಹೆಣ ತಿಂದ್ರೂ ರೋಗದ ಕ್ರಿಮಿಗಳನ್ನ ಸುಟ್ಟುಹಾಕೋ ಆಸಿಡ್ ಆ ಹಕ್ಕಿ ಹೊಟ್ಟೇಲಿತ್ತು..."

ಶೈಲಜಾ ಕೊಟ್ಟಿಗೆಯ ಕಡೆ ನೋಡಿದರು.

"ಹಸುಗಳಿಗೆ ನೋವಾಗ್ದಿರ್ಲಿ ಅಂತ ಇಂಜೆಕ್ಷನ್ ಕೊಡ್ತಿದ್ವಲ್ಲ... ಸತ್ತ ಹಸುಗಳಲ್ಲಿ ಉಳಿದ ಆ ಔಷಧಿ ಹಕ್ಕಿಗಳಿಗೆ ವಿಷವಾಯ್ತು. ಆಗ ನನಗೂ ಗೊತ್ತಿರ್ಲಿಲ್ಲ."

ಗೌಡರು ಕೈ ಮುಗಿದರು. "ಎಲ್ಲಿ ಸಿಗ್ತವೆ ಹೇಳಿ... ಎಷ್ಟಾದ್ರೂ ಕೊಟ್ಟು ತರುಸ್ತೀನಿ. ಬೇರೆಯೋರ ಮಕ್ಕಳಾದ್ರೂ ಉಳೀಲಿ."

"ಮಾರೋರು ಯಾರೂ ಇಲ್ಲ ಗೌಡ್ರೇ. ಅದು ವರ್ಷಕ್ಕೆ ಇಡೋದೇ ಒಂದು ಮೊಟ್ಟೆ... ನಮ್ಮ ಬೆಟ್ಟದಲ್ಲಿ ಇಡೋಕೆ ಈಗ ಒಂದು ಹಕ್ಕೀನೂ ಉಳಿದಿಲ್ಲ."

ಗೌಡರು ಅಂಗಳಕ್ಕೆ ಬಂದು ಬೆಟ್ಟದ ಮೇಲಿನ ಆಕಾಶವನ್ನೇ ನೋಡುತ್ತ ನಿಂತರು.

ಬಂಡೆಯ ಕಡೆಯಿಂದ ನಾಯಿಗಳು ಬೊಗಳುತ್ತಲೇ ಇದ್ದವು.

*ನಾವು ಅಸಹ್ಯಪಟ್ಟ ಜೀವವೂ ನಮ್ಮ ಮಕ್ಕಳನ್ನು ಕಾಯುತ್ತಿರುತ್ತದೆ... ಅದು ಹೋದ ಮೇಲೆ ದುಡ್ಡಿಗೆ ಸಿಗುವುದಿಲ್ಲ.*

ನೀವು ಚಿಕ್ಕಂದಿನಲ್ಲಿ ಕಂಡ ಯಾವ ಹಕ್ಕಿ ನಿಮ್ಮೂರಲ್ಲಿ ಈಗ ಕಾಣುತ್ತಿಲ್ಲ... ಅದು ಎಲ್ಲಿ ಹೋಯಿತು ಅಂತ ಒಮ್ಮೆಯಾದರೂ ಕೇಳಿದ್ದೀರಾ?